ಪಶುಪೋಷಣೆಯಲ್ಲಿ ಹುಳಿಹಾಲು: ಒಂದು ಚಾರಿತ್ರಿಕ ವಿವೇಚನೆ

ಸಾಕುಪ್ರಾಣಿಗಳಿಗೆ ಮೊಸರು, ಮಜ್ಜಿಗೆ ಮೊದಲಾದ ಹುಳಿಹಾಲಿನ ಪದಾರ್ಥಗಳನ್ನು, ಅಥವಾ ಅವುಗಳಿಂದ ಬೇರ್ಪಡಿಸಿ ಬೆಳೆಸಿದ ಸೂಕ್ಷ್ಮಜೀವಿಗಳನ್ನು, ಆಹಾರದೊಡನೆ ಕೊಟ್ಟರೆ ಅವುಗಳ ಬೆಳವಣಿಗೆ ಮತ್ತು ಆರೋಗ್ಯಗಳ ಮೇಲೆ ಏನು ಪರಿಣಾಮವಾಗುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಪಶುವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದು. ಚರಿತ್ರೆಯ ಅಧ್ಯಾಪಕರಾದ ನಾವು ಅದನ್ನು ಕೈಗೆತ್ತಿಕೊಂಡುದಕ್ಕೆ ಕಾರಣವನ್ನು ಮೊದಲಲ್ಲಿಯೇ ಹೇಳುವುದು ಉಚಿತ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಲಗ್ಗೆರೆಯು ಹಿಂದೆ ಬೆಂಗಳೂರು ಉತ್ತರ ತಾಲ್ಲೂಕಿನ ಯಶವಂತಪುರ ಹೋಬಳಿಗೆ ಸೇರಿದ್ದ ಹಳ್ಳಿ. ಇಂದು ಅದು ನಗರದೊಳಗೆ ಕರಗಿಹೋಗಿದೆ. ಒಂದು ಕಡೆ ಪೀಣ್ಯದ ಕೈಗಾರಿಕಾ ಪ್ರದೇಶ, ಮತ್ತೊಂದು ಕಡೆ ಹೊರವರ್ತುಲ ರಸ್ತೆ, ಸುತ್ತಲೂ ಬಡಾವಣೆಗಳು. ಆದರೂ ಹಳೆಯ ಊರಿನ ಓಣಿಗಳಲ್ಲಿ ಹಸು ಸಾಕುವ ಮನೆಗಳು ಇನ್ನೂ ಉಳಿದಿವೆ. ಅಂತಹ ಒಂದು ಮನೆಗೆ ನಾವು ಊರಿನ ಹಳೆಯ ಸಂಗತಿಗಳನ್ನು ಕೇಳಿ ತಿಳಿಯಲೆಂದು ಹೋಗಿದ್ದಾಗ, ಕೊಟ್ಟಿಗೆಯಲ್ಲಿ ಹತ್ತು ದಿನದ ಕರುವೊಂದು ಬೇದಿಯಿಂದ ಬಳಲಿ ಮಲಗಿತ್ತು. ಮನೆಯ ಯಜಮಾನನು ಅಂಗಡಿಯಿಂದ ತಂದ ‘ಪ್ರೊಬಯಾಟಿಕ್’ ಪುಡಿಯ ಪೊಟ್ಟಣವನ್ನು ನಮಗೆ ತೋರಿಸಿ, ಅದರ ಮೇಲೆ ಬರೆದಿರುವುದು ನಿಜವೇ ಎಂದು ಕೇಳಿದನು. ಆತನ ತಾಯಿ ಮಾತ್ರ, “ಪುಡಿ ಯಾಕೆ ಮೇಷ್ಟ್ರೇ, ನಮ್ಮ ಕಾಲದಲ್ಲಿ ಕರುವಿಗೆ ಮಜ್ಜಿಗೆ ಕುಡಿಸುತ್ತಿದ್ದೆವು” ಎಂದರು. ಮಗನ ಪ್ರಶ್ನೆಗೂ ತಾಯಿಯ ಮಾತಿಗೂ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಕೃತ ಲೇಖನವು ಆ ಉತ್ತರವನ್ನು ಹುಡುಕಿದ ಪ್ರಯತ್ನದ ಫಲ.

೧. ಪೂರ್ವಪರಂಪರೆ

ಕನ್ನಡ ನಾಡಿನಲ್ಲಿ ಪಶುಚಿಕಿತ್ಸೆಯು ಬಹು ಹಿಂದೆಯೇ ಶಾಸ್ತ್ರದ ಮಟ್ಟಕ್ಕೇರಿತ್ತು. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವು ಪಾಕ, ವೃಕ್ಷಾಯುರ್ವೇದ, ಮನುಷ್ಯವೈದ್ಯಗಳ ಜೊತೆಗೆ ಪಶುವೈದ್ಯಕ್ಕೂ ಸ್ಥಾನವನ್ನು ಕೊಟ್ಟಿದೆ. ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನೇ ರಚಿಸಿದನು. ರಾಜಕುಲದವನೊಬ್ಬನು ದನಗಳ ರೋಗಗಳನ್ನು ಕುರಿತು ಬರೆಯಲು ತೊಡಗಿದನೆಂಬುದು, ಅಂದಿನ ರಾಜ್ಯದ ಬಲವು ಎಷ್ಟರಮಟ್ಟಿಗೆ ಗೋಸಂಪತ್ತನ್ನು ಅವಲಂಬಿಸಿತ್ತು ಎಂಬುದಕ್ಕೆ ಸಾಕ್ಷಿ.

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಈ ಸಂಬಂಧವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಚಿಕ್ಕದೇವರಾಜ ಒಡೆಯರ (೧೬೭೨-೧೭೦೪) ಕಾಲದಲ್ಲಿ ಅರಮನೆಯ ಗೋಸಂಪತ್ತನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೆಸರೇ ಸೂಚಿಸುವಂತೆ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ಹೈದರನ ಕಾಲಕ್ಕೆ ಅದೇ ದನಗಳು ಫಿರಂಗಿಗಳನ್ನು ಎಳೆಯತೊಡಗಿದವು. ಟಿಪ್ಪುವು ಇಲಾಖೆಗೆ ‘ಅಮೃತಮಹಲ್’ ಎಂಬ ಹೆಸರನ್ನಿಟ್ಟನು. ೧೭೯೯ರ ತರುವಾಯ ಕೆಲವು ವರ್ಷ ಕ್ಷೀಣಿಸಿದ ಈ ಇಲಾಖೆಯನ್ನು ೧೮೧೩ರಲ್ಲಿ ಮದರಾಸಿನ ಸೈನ್ಯದ ಸರಬರಾಯಿ ಇಲಾಖೆಯು ವಹಿಸಿಕೊಂಡಿತು. ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಲಾಯಿತು. ಆದರೆ ಸೈನ್ಯಕ್ಕೆ ತಕ್ಕ ಎತ್ತುಗಳು ದೊರೆಯದೆ ೧೮೬೬ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬೆಣ್ಣೆಯ ಹೆಸರಿನಿಂದ ಹುಟ್ಟಿದ ಇಲಾಖೆಯ ಮುಖ್ಯ ಉತ್ಪನ್ನವು ಕಾಲಕ್ರಮದಲ್ಲಿ ಎತ್ತಾಯಿತು. ಎತ್ತು ಮುಖ್ಯವಾದಾಗ ಹಸುವಿನ ಹಾಲು ಬಹುಮಟ್ಟಿಗೆ ಕರುವಿಗೇ ಸಂದಿತು. ಕಾವಲುಗಳಲ್ಲಿ ತಾಯಿಯ ಬೆನ್ನಿಗೇ ಮೇಯುತ್ತ, ಹಾಲನ್ನು ಕುಡಿದು, ತಾಯಿಯು ನೆಕ್ಕಿದ ಮೈಯನ್ನು ತಾನೂ ನೆಕ್ಕುತ್ತ ಬೆಳೆದ ಕರುವಿಗೆ ಬೇಕಾದ ಸೂಕ್ಷ್ಮಜೀವಿಗಳೆಲ್ಲ ತಾಯಿಯಿಂದಲೂ ಹುಲ್ಲಿನಿಂದಲೂ ತಾವಾಗಿಯೇ ದೊರೆಯುತ್ತಿದ್ದವು. ಹಾಲು ಮಾರುವ ಸರಕಾದ ಮೇಲೆ ಈ ಏರ್ಪಾಡು ತಲೆಕೆಳಗಾಯಿತು.

ಬೆಂಗಳೂರು ಈ ಪರಿವರ್ತನೆಯ ಒಂದು ಮುಖ್ಯ ಕೇಂದ್ರ. ೧೯೨೩ರಲ್ಲಿ ಇಲ್ಲಿ ಸಾಮ್ರಾಜ್ಯ ಸರ್ಕಾರದ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆಯು ಆರಂಭವಾಯಿತು. ೧೯೨೭ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು ಆ ಸಂಸ್ಥೆಗೆ ಹೋಗಿ ಗೋಸಂಗೋಪನೆಯ ವೈಜ್ಞಾನಿಕ ಕ್ರಮವನ್ನು ಅಭ್ಯಾಸ ಮಾಡಿದರು. ೧೯೫೫ರಲ್ಲಿ ಪ್ರಧಾನ ಸಂಸ್ಥೆಯು ಕರ್ನಾಲಿಗೆ ಹೋಗಿ, ಬೆಂಗಳೂರಿನದು ಅದರ ದಕ್ಷಿಣ ಪ್ರಾಂತೀಯ ಕೇಂದ್ರವಾಯಿತು. ಪಶುಗಳ ಪೋಷಣೆಯನ್ನೇ ಕುರಿತು ಸಂಶೋಧನೆ ನಡೆಸುವ ರಾಷ್ಟ್ರೀಯ ಸಂಸ್ಥೆಯೊಂದು ೧೯೯೫ರಿಂದ ಆಡುಗೋಡಿಯಲ್ಲಿದೆ. ೧೯೬೫ರಲ್ಲಿ ಬೆಂಗಳೂರು ಡೇರಿಯು ಪ್ರಾರಂಭವಾದ ಮೇಲೆ ಸುತ್ತಣ ಹಳ್ಳಿಗಳ ಹಾಲಿಗೆ ನಿತ್ಯದ ಮಾರುಕಟ್ಟೆ ದೊರೆಯಿತು. ಸಹಕಾರ ಸಂಘಗಳ ಮೂಲಕ ಬಡ ಸಂಸಾರಗಳಿಗೂ ವಾರದ ಆದಾಯವೊದಗಿತು. ಇದು ಸಣ್ಣ ಉಪಕಾರವಲ್ಲ. ಆದರೆ ಹಾಲಿನ ಪ್ರತಿಯೊಂದು ಲೀಟರಿಗೂ ಬೆಲೆ ಬಂದಾಗ ಕರುವಿನ ಪಾಲು ಕುಗ್ಗಿತೆಂಬುದನ್ನೂ ಚರಿತ್ರಕಾರನು ಮರೆಯುವಂತಿಲ್ಲ.

೨. ಹುಳಿಹಾಲಿನ ವಿಜ್ಞಾನ

ಹಾಲು ಹುಳಿಯಾಗುವುದು ಜೀವಿಗಳ ಕೆಲಸವೆಂದು ೧೮೫೭ರಲ್ಲಿ ಪಾಶ್ಚರನು ತೋರಿಸಿದನು. ೧೮೭೮ರಲ್ಲಿ ಲಿಸ್ಟರನು ಹುಳಿಹಾಲಿನ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿದನು. ೧೯೦೫ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೋವ್ ತನ್ನ ದೇಶದ ಮೊಸರಿನಲ್ಲಿ ಕಡ್ಡಿಯಾಕಾರದ ಜೀವಿಯೊಂದನ್ನು ಗುರುತಿಸಿದನು. ಇದರ ಆಧಾರದ ಮೇಲೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫನು ೧೯೦೭ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದನು: ದೊಡ್ಡ ಕರುಳಿನಲ್ಲಿ ಕೊಳೆಸುವ ಜೀವಿಗಳು ವಿಷವನ್ನು ಹುಟ್ಟಿಸಿ ಮುಪ್ಪನ್ನು ತರುತ್ತವೆ, ಹುಳಿಹಾಲಿನ ಜೀವಿಗಳು ಅವನ್ನು ತಡೆಯಬಲ್ಲವು.

ಸಿದ್ಧಾಂತವು ಲೋಕಪ್ರಸಿದ್ಧವಾಯಿತು, ಆದರೆ ಅದರಲ್ಲಿದ್ದ ದೋಷವೂ ಬೇಗನೆ ಬಯಲಾಯಿತು. ಮೊಸರಿನ ಆ ಕಡ್ಡಿಜೀವಿಯು ಕರುಳಿನಲ್ಲಿ ನೆಲೆನಿಲ್ಲುವುದಿಲ್ಲ. ತಿಂದಷ್ಟು ದಿನ ಹಾದುಹೋಗುತ್ತದೆ, ನಿಲ್ಲಿಸಿದರೆ ಕಾಣೆಯಾಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ರೆಟ್ಗರ್ ಮತ್ತು ಚೆಪ್ಲಿನ್ ಎಂಬುವರು ೧೯೨೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕರುಳಿಗೇ ಸಹಜವಾದ ‘ಅಸಿಡೋಫಿಲಸ್’ ಜೀವಿಯೇ ಈ ಕೆಲಸಕ್ಕೆ ಯೋಗ್ಯವೆಂದು ವಾದಿಸಿದರು. ಪ್ರಸಿದ್ಧನಾದ ವಿಜ್ಞಾನಿಯ ಮಾತನ್ನೂ ಪ್ರಯೋಗವು ತಿದ್ದುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅಷ್ಟರಲ್ಲಿ ಪಶುಪೋಷಣೆಯು ಬೇರೊಂದು ದಾರಿಯನ್ನು ಹಿಡಿಯಿತು. ೧೯೪೦ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟಾಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬ ಸಂಶೋಧಕರು, ಪ್ರತಿಜೀವಕವೊಂದರ ತಯಾರಿಕೆಯಲ್ಲಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆಯುವುದನ್ನು ಕಂಡರು. ಆಮೇಲೆ ಕೋಳಿ, ಹಂದಿ, ಕರುಗಳ ಆಹಾರದಲ್ಲಿ ಅಲ್ಪ ಪ್ರಮಾಣದ ಪ್ರತಿಜೀವಕವನ್ನು ಬೆರೆಸುವುದು ವಾಡಿಕೆಯಾಯಿತು. ಪರಿಣಾಮವಾಗಿ ಔಷಧಕ್ಕೆ ಬಗ್ಗದ ರೋಗಾಣುಗಳು ಹೆಚ್ಚಿದವು. ೧೯೬೯ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿಯು ಈ ಅಪಾಯವನ್ನು ಎತ್ತಿ ಹೇಳಿತು; ೧೯೮೬ರಲ್ಲಿ ಸ್ವೀಡನ್ನೂ ೨೦೦೬ರಲ್ಲಿ ಐರೋಪ್ಯ ಒಕ್ಕೂಟವೂ ಬೆಳವಣಿಗೆಗಾಗಿ ಪ್ರತಿಜೀವಕ ಬೆರೆಸುವುದನ್ನು ನಿಷೇಧಿಸಿದವು. ಭಾರತ ಸರ್ಕಾರವು ೨೦೧೯ರಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೀವಕವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ಆಜ್ಞೆ ಮಾಡಿತು. ಏಕೆಂದರೆ ಮನುಷ್ಯರ ಚಿಕಿತ್ಸೆಯಲ್ಲಿ ಅದು ಕೊನೆಯ ಆಸರೆಗಳಲ್ಲೊಂದು.

ಹುಳಿಹಾಲಿನ ಜೀವಿಗಳಿಗೆ ಮತ್ತೆ ಮಾನ್ಯತೆ ಬಂದುದು ಈ ಹಿನ್ನೆಲೆಯಲ್ಲಿ. ೧೯೭೩ರಲ್ಲಿ ಫಿನ್‌ಲೆಂಡಿನ ನುರ್ಮಿ ಮತ್ತು ರಂತಲ ಎಂಬುವರು, ಬೆಳೆದ ಕೋಳಿಯ ಕರುಳಿನ ಜೀವಿಗಳನ್ನು ಎಳೆಯ ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲ ರೋಗಾಣುವು ನೆಲೆಯೂರಲಾರದೆಂದು ತೋರಿಸಿದರು. ೧೯೭೪ರಲ್ಲಿ ಪಾರ್ಕರನು ಪಶುಗಳ ಆಹಾರಕ್ಕೆ ಸೇರಿಸುವ ಇಂತಹ ಜೀವಿಗಳಿಗೆ ‘ಪ್ರೊಬಯಾಟಿಕ್’ ಎಂಬ ಹೆಸರನ್ನು ಬಳಸಿದನು. ೧೯೮೯ರಲ್ಲಿ ಫುಲ್ಲರನು ಅದರ ಲಕ್ಷಣವನ್ನು ಹೇಳುವಾಗ ಜೀವಿಗಳು ಸಜೀವವಾಗಿರಬೇಕೆಂಬುದನ್ನು ಒತ್ತಿಹೇಳಿದನು. ೨೦೦೧ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ‘ಸಾಕಷ್ಟು ಪ್ರಮಾಣದಲ್ಲಿ’ ಎಂಬ ನಿಯಮವನ್ನೂ ಸೇರಿಸಿದರು. ಇಂದು ಮನುಷ್ಯರ ಮೊಸರಿನ ಡಬ್ಬಿಯ ಮೇಲೆ ಕಾಣುವ ಈ ಮಾತು ಪ್ರಚಾರಕ್ಕೆ ಬಂದುದು ದನ ಕೋಳಿಗಳ ಮೇವಿನ ಸಂಬಂಧದಲ್ಲಿ ಎಂಬುದು ಹಲವರಿಗೆ ತಿಳಿಯದ ಸಂಗತಿ.

೩. ಕರುವಿನ ಹೊಟ್ಟೆಯಲ್ಲಿ

ದನವು ನಾಲ್ಕು ಹೊಟ್ಟೆಗಳ ಪ್ರಾಣಿಯಾದರೂ ಹುಟ್ಟಿದ ಕರುವು ವಸ್ತುತಃ ಒಂದೇ ಹೊಟ್ಟೆಯ ಪ್ರಾಣಿ. ರೂಮೆನ್ ಎನ್ನುವ ಮೊದಲ ಹೊಟ್ಟೆಯು ಆಗ ಇನ್ನೂ ಬೆಳೆದಿರುವುದಿಲ್ಲ. ಕರುವು ಚೀಪುವಾಗ ಅನ್ನನಾಳದ ಕೊನೆಯಲ್ಲಿರುವ ತೋಡೊಂದು ಮಡಿಚಿಕೊಂಡು ಕೊಳವೆಯಂತಾಗಿ ಹಾಲನ್ನು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಒಯ್ಯುತ್ತದೆ. ಮೊದಲ ಕೆಲವು ವಾರಗಳಲ್ಲಿ ಕರುಳಿನಲ್ಲಿ ಯಾವ ಜೀವಿಗಳು ಮೊದಲು ನೆಲೆಸುತ್ತವೆಯೋ ಅವುಗಳ ಮೇಲೆ ಕರುವಿನ ಬಾಳು ನಿಂತಿರುತ್ತದೆ. ‘ಇ. ಕೋಲೈ’ ಮುಂತಾದ ರೋಗಾಣುಗಳು ಮೇಲುಗೈಯಾದರೆ ಬೇದಿ ಹತ್ತುತ್ತದೆ. ಬೇದಿಯಿಂದ ಸಾಯುವ ಕರುವು ಬಹುತೇಕ ಮೈಯ ನೀರೂ ಉಪ್ಪೂ ಬತ್ತಿ ಸಾಯುತ್ತದೆ.

ಈ ಅವಧಿಯಲ್ಲಿ ಲ್ಯಾಕ್ಟಿಕ್ ಆಮ್ಲದ ಜೀವಿಗಳು ಹಲವು ಬಗೆಗಳಿಂದ ನೆರವಾಗಬಲ್ಲವು. ಅವು ಕರುಳಿನ ಗೋಡೆಯ ಮೇಲಿನ ಜಾಗವನ್ನೂ ಅಲ್ಲಿನ ಆಹಾರವನ್ನೂ ರೋಗಾಣುಗಳಿಗೆ ದೊರೆಯದಂತೆ ಮಾಡುತ್ತವೆ. ಆಮ್ಲವನ್ನು ಹುಟ್ಟಿಸಿ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಕೆಲವು ತಳಿಗಳು ಇತರ ಬ್ಯಾಕ್ಟೀರಿಯಗಳನ್ನು ಕೊಲ್ಲುವ ವಸ್ತುಗಳನ್ನೂ ಸ್ರವಿಸುತ್ತವೆ. ಶರೀರದ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುತ್ತವೆ. ಅರ್ಜೆಂಟೀನದ ಸಂಶೋಧಕರು ೨೦೧೧ರಲ್ಲಿ ಎಳೆಗರುಗಳ ಮೇಲೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಂತಹ ಜೀವಿಗಳಿಂದ ತೂಕದ ಏರಿಕೆಯಲ್ಲಿ ಒಟ್ಟಿನ ಮೇಲೆ ಲಾಭವು ಕಂಡುಬಂದಿತು. ಆದರೆ ಒಂದೊಂದು ಪ್ರಯೋಗವನ್ನೇ ತೆಗೆದುಕೊಂಡರೆ ಫಲಿತಾಂಶ ಏಕರೂಪವಾಗಿಲ್ಲ. ಕೊಟ್ಟಿಗೆ ಕಿಕ್ಕಿರಿದಿದ್ದು ರೋಗದ ಒತ್ತಡ ಹೆಚ್ಚಿರುವೆಡೆ ಗುಣವು ಎದ್ದು ಕಾಣುತ್ತದೆ. ಕರುಗಳನ್ನು ಚೆನ್ನಾಗಿ ನೋಡಿಕೊಳ್ಳುವೆಡೆ ವ್ಯತ್ಯಾಸವು ಅಲ್ಪ, ಕೆಲವೊಮ್ಮೆ ಶೂನ್ಯ.

ಈ ಕೊನೆಯ ಮಾತು ಬಹು ಮುಖ್ಯ. ಪುಡಿಯು ಹೊಸ ಶಕ್ತಿಯನ್ನು ಕೊಡುವುದಿಲ್ಲ. ಕಳೆದುಹೋದುದನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಕಳೆದುಹೋದುದು ಯಾವುದೆಂದು ಲಗ್ಗೆರೆಯ ಆ ಮನೆಯಲ್ಲಿ ವಿಚಾರಿಸಿದಾಗ ನಮಗೆ ತಿಳಿಯಿತು. ಹಸು ಈದ ದಿನ ಗಿಣ್ಣು ಹಾಲನ್ನು ಓಣಿಯ ಮನೆಗಳಿಗೆಲ್ಲ ಹಂಚಿದ್ದರು. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ನಮ್ಮ ಜನಕ್ಕೆ ಪ್ರಿಯವಾದ ತಿನಿಸು. ಅದನ್ನು ನೆರೆಹೊರೆಗೆ ಕೊಡುವುದು ಒಳ್ಳೆಯ ಸಂಪ್ರದಾಯವೇ. ಆದರೆ ಮನುಷ್ಯಶಿಶುವಿನಂತೆ ಕರುವು ಗರ್ಭದಲ್ಲಿರುವಾಗಲೇ ತಾಯಿಯಿಂದ ರೋಗನಿರೋಧಕ ವಸ್ತುಗಳನ್ನು ಪಡೆಯುವುದಿಲ್ಲ. ಅವೆಲ್ಲವೂ ಗಿಣ್ಣಿನ ಮೂಲಕವೇ ಬರಬೇಕು. ಅವನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿಯು ಕರುವಿನ ಕರುಳಿಗೆ ಹುಟ್ಟಿದ ಕೆಲವು ಗಂಟೆಗಳಲ್ಲಿ ಹೆಚ್ಚಾಗಿದ್ದು, ೨೪ ಗಂಟೆಗಳಾಗುವಷ್ಟರಲ್ಲಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಮೊದಲ ದಿನದಲ್ಲಿ ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು, ಎಂದರೆ ೩೦ ಕಿಲೋಗ್ರಾಮಿನ ಕರುವಿಗೆ ಸುಮಾರು ೩ ಲೀಟರು, ಗಿಣ್ಣು ಹೊಟ್ಟೆಗೆ ಹೋಗಬೇಕು; ಅದರಲ್ಲಿಯೂ ಮೊದಲ ಪಾಲು ಆದಷ್ಟು ಬೇಗ. ಈ ಪಾಲನ್ನು ಕಳೆದುಕೊಂಡ ಕರುವಿಗೆ ಹತ್ತನೆಯ ದಿನ ಯಾವ ಪುಡಿಯನ್ನು ಕೊಟ್ಟರೂ ಆ ನಷ್ಟ ತುಂಬದು.

೪. ಬೆಳೆದ ದನದಲ್ಲಿ

ಬೆಳೆದ ದನದ ಸ್ಥಿತಿ ಬೇರೆ. ಅದರ ರೂಮೆನ್ನಿನ ದ್ರವದ ಒಂದೊಂದು ಮಿಲಿಲೀಟರಿನಲ್ಲಿ ಸುಮಾರು ೧,೦೦೦ ಕೋಟಿ ಬ್ಯಾಕ್ಟೀರಿಯಗಳಿರುತ್ತವೆ. ಒಳ್ಳೆಯ ಮಜ್ಜಿಗೆಯ ಮಿಲಿಲೀಟರಿನಲ್ಲಿ ೧೦ ಕೋಟಿ ಜೀವಿಗಳಿವೆಯೆಂದಿಟ್ಟುಕೊಂಡರೆ, ಒಂದು ಲೀಟರು ಮಜ್ಜಿಗೆಯಲ್ಲಿರುವುದು ರೂಮೆನ್ನಿನ ೧೦ ಮಿಲಿಲೀಟರು ದ್ರವದಲ್ಲಿರುವಷ್ಟೇ. ಕೆರೆಗೆ ಒಂದು ಚೆಂಬು ನೀರು ಹಾಕಿದಂತೆ! ಆದುದರಿಂದ ಬೆಳೆದ ದನಗಳಿಗೆ ಮೊಸರಿನ ಜೀವಿಗಳಿಗಿಂತ ‘ಸ್ಯಾಕರೋಮೈಸಿಸ್’ ಎಂಬ ಈಸ್ಟನ್ನು ಹೆಚ್ಚಾಗಿ ಬಳಸುತ್ತಾರೆ. ಅದು ರೂಮೆನ್ನಿನಲ್ಲಿರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಹೀರಿ, ನಾರನ್ನು ಕರಗಿಸುವ ಜೀವಿಗಳಿಗೂ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವ ಜೀವಿಗಳಿಗೂ ಅನುಕೂಲ ಕಲ್ಪಿಸುತ್ತದೆ.

ಇಲ್ಲೊಂದು ವೈಪರೀತ್ಯವನ್ನು ನಮ್ಮ ಓದುಗರು ಗಮನಿಸಬೇಕು. ಕರುವಿನ ಕರುಳಿನಲ್ಲಿ ರಕ್ಷಕವಾದ ಲ್ಯಾಕ್ಟಿಕ್ ಆಮ್ಲವೇ ಬೆಳೆದ ದನದ ರೂಮೆನ್ನಿನಲ್ಲಿ ಮಿತಿಮೀರಿದರೆ ಮಾರಕವಾಗುತ್ತದೆ. ಹುಲ್ಲುಗಾವಲಿಲ್ಲದ ನಗರದಲ್ಲಿ ಹಸುಗಳಿಗೆ ಕಲ್ಯಾಣಮಂಟಪಗಳಿಂದ ತಂದ ಉಳಿದ ಅನ್ನ, ಹೋಟೆಲಿನ ಮುಸುರೆ, ತರಕಾರಿಯ ಸಿಪ್ಪೆಗಳೇ ಆಹಾರವಾಗುವುದುಂಟು. ಒಂದೇ ಸಲಕ್ಕೆ ಬುಟ್ಟಿಗಟ್ಟಲೆ ಅನ್ನವನ್ನು ತಿಂದ ಹಸುವಿನ ರೂಮೆನ್ನಿನಲ್ಲಿ ಪಿಷ್ಟವು ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲವು ತುಂಬುತ್ತದೆ. ನಾರನ್ನು ಕರಗಿಸುವ ಜೀವಿಗಳು ಸಾಯುತ್ತವೆ. ಹಸುವು ಮೆಲುಕನ್ನು ನಿಲ್ಲಿಸಿ ಕುಸಿದು ಬೀಳುತ್ತದೆ. ಅಂತಹ ಹಸುವಿಗೆ, ಮಜ್ಜಿಗೆಯು ತಂಪೆಂದು ಕುಡಿಸುವುದು ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತೆ. ಬೇರೆ ಬಗೆಯ ಅಜೀರ್ಣದಲ್ಲಿ, ರೂಮೆನ್ನು ಕ್ಷಾರವಾದಾಗ, ಹುಳಿಪದಾರ್ಥವು ಹಿತವಾಗುವುದೂ ಉಂಟು. ಎರಡನ್ನೂ ವಿಂಗಡಿಸಿ ತಿಳಿಯುವುದು ಪಶುವೈದ್ಯನ ಕೆಲಸ.

೫. ಬಳಕೆಯಲ್ಲಿ ವಿವೇಕ

ಪ್ರಯೋಗಗಳಿಂದ ತಿಳಿದುಬಂದುದನ್ನು ಗೋಪಾಲಕರ ದೃಷ್ಟಿಯಿಂದ ಹೀಗೆ ಸಂಗ್ರಹಿಸಬಹುದು. ಮೊದಲನೆಯದಾಗಿ, ಪೊಟ್ಟಣದೊಳಗಿನ ಜೀವಿಗಳು ಬದುಕಿರಬೇಕು. ಬಿಸಿಲು ಬೀಳುವ ಅಂಗಡಿಯಲ್ಲಿ ತಿಂಗಳುಗಟ್ಟಲೆ ಇದ್ದ ಪುಡಿಯಲ್ಲಿ ಅವು ಸತ್ತಿರುವ ಸಂಭವವುಂಟು. ಕುದಿಯುವ ನೀರಿನಲ್ಲಿ ಕಲಸಿದರೆ ಬದುಕಿದ್ದವೂ ಸಾಯುತ್ತವೆ. ಎರಡನೆಯದಾಗಿ, ಗುಣವು ತಳಿಯಿಂದ ತಳಿಗೆ ಬೇರೆ. ಒಂದು ತಳಿಯಿಂದಾದ ಉಪಯೋಗವನ್ನು ಅದೇ ಹೆಸರಿನ ಮತ್ತೊಂದರ ಮೇಲೆ ಆರೋಪಿಸುವುದು ಸಲ್ಲದು. ಮೂರನೆಯದಾಗಿ, ಜೀವಿಗಳು ಕರುಳಿನಲ್ಲಿ ಖಾಯಂ ಆಗಿ ನಿಲ್ಲವಾದ್ದರಿಂದ ಅಗತ್ಯವಿರುವಷ್ಟು ಕಾಲ ದಿನವೂ ಕೊಡಬೇಕು. ನಾಲ್ಕನೆಯದಾಗಿ, ಪ್ರತಿಜೀವಕದ ಜೊತೆಯಲ್ಲಿಯೇ ಇದನ್ನು ಕೊಟ್ಟರೆ ಒಂದು ಕೈಯಿಂದ ಬಿತ್ತಿ ಮತ್ತೊಂದರಿಂದ ಕಿತ್ತಂತಾದೀತು. ಪ್ರತಿಜೀವಕದ ಈ ಗುಣವನ್ನು ನಮ್ಮ ಗೃಹಿಣಿಯರು ತಮಗರಿಯದೆಯೇ ಕಂಡಿರುತ್ತಾರೆ: ಔಷಧ ಕೊಟ್ಟ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಕೆಲವೊಮ್ಮೆ ಮೊಸರು ಕಟ್ಟುವುದಿಲ್ಲ.

ಮನೆಯ ಮಜ್ಜಿಗೆಯ ವಿಷಯದಲ್ಲಿಯೂ ಎರಡು ಮಾತು ಸಲ್ಲುತ್ತದೆ. ಕಾಯಿಸಿದ ಹಾಲಿಗೆ ಹೆಪ್ಪು ಹಾಕಿ ಮಾಡಿದ, ಉಪ್ಪು ಒಗ್ಗರಣೆಗಳಿಲ್ಲದ ತಾಜಾ ಮಜ್ಜಿಗೆಯು ಅಲ್ಪ ಪ್ರಮಾಣದಲ್ಲಿ ಕರುವಿಗೆ ಹಾನಿಕರವಲ್ಲ. ಕಾಯಿಸದ ಹಾಲಿನ ಮಜ್ಜಿಗೆಯಲ್ಲಿ ಕ್ಷಯ, ಬ್ರೂಸೆಲ್ಲ ರೋಗಗಳ ಅಣುಗಳು ಉಳಿದಿರಬಹುದು. ಹುಳಿಯು ಅವನ್ನು ನಿಶ್ಚಯವಾಗಿ ಕೊಲ್ಲುತ್ತದೆನ್ನುವಂತಿಲ್ಲ. ಬೇದಿಯಿಂದ ಬಳಲುವ ಕರುವಿಗೆ ಮೊದಲು ಬೇಕಾದುದು ಮಜ್ಜಿಗೆಯೂ ಅಲ್ಲ, ಪುಡಿಯೂ ಅಲ್ಲ; ಉಪ್ಪು ಸಕ್ಕರೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ನೀರು, ಬೆಚ್ಚನೆಯ ಒಣನೆಲ, ವೈದ್ಯನ ಸಲಹೆ. ತಾಯಿಯ ಹಾಲನ್ನು ಪೂರ್ತಿಯಾಗಿ ನಿಲ್ಲಿಸುವುದೂ ಸರಿಯಲ್ಲ.

೬. ಉಪಸಂಹಾರ

ಹಾಗಾದರೆ ಲಗ್ಗೆರೆಯ ತಾಯಿಮಕ್ಕಳಲ್ಲಿ ಯಾರ ಮಾತು ಸರಿ? ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವುದು ಚರಿತ್ರಕಾರನಿಗೆ ತಕ್ಕುದಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದವರಿಗೆ ಮೊಸರಿನೊಳಗಿನ ಜೀವಿಗಳ ಅರಿವಿರಲಿಲ್ಲ, ಅವರಿಗಿದ್ದುದು ಅನುಭವ. ಅನುಭವವು ಸತ್ಯದ ಹತ್ತಿರಕ್ಕೆ ಒಯ್ಯುತ್ತದೆ. ಕಾರಣವನ್ನು ತಿಳಿಸುವುದಿಲ್ಲವಾದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನೂ ತಿಳಿಸುವುದಿಲ್ಲ. ಹಾಗೆಯೇ ಅಂಗಡಿಯ ಪುಡಿಯ ಹಿಂದೆ ನಿಜವಾದ ವಿಜ್ಞಾನವಿದೆ. ಆದರೆ ಪೊಟ್ಟಣದ ಮೇಲಿನ ಬರಹವು ಆ ವಿಜ್ಞಾನಕ್ಕಿಂತ ಯಾವಾಗಲೂ ಕೊಂಚ ಮುಂದಕ್ಕೆ ಹೋಗಿರುತ್ತದೆ.

ನಮಗೆ ತೋರುವುದು ಇಷ್ಟು. ಕಾವಲಿನಲ್ಲಿ ಬೆಳೆದ ಅಮೃತಮಹಲ್ ಕರುವಿಗೆ ಪುಡಿಯ ಅಗತ್ಯ ಬೀಳಲಿಲ್ಲ. ಏಕೆಂದರೆ ಅದರ ಪಾಲನ್ನು ಯಾರೂ ಕಸಿದುಕೊಂಡಿರಲಿಲ್ಲ. ಇಂದಿನ ಗೋಪಾಲಕನು ಹಾಲು ಮಾರದೆ ಬದುಕಲಾರನು. ಅವನನ್ನು ದೂಷಿಸುವುದು ನ್ಯಾಯವಲ್ಲ. ಆದರೆ ಗಿಣ್ಣಿನ ಮೊದಲ ಪಾಲು ಕರುವಿಗೆ, ಉಳಿದುದು ಓಣಿಗೆ ಎಂಬ ನಿಯಮವನ್ನು ಪಾಲಿಸಲು ಹಣ ಬೇಕಾಗಿಲ್ಲ. ಅದನ್ನು ಪಾಲಿಸಿದ ಮನೆಯಲ್ಲಿ ಪ್ರೊಬಯಾಟಿಕ್ಕು ಒಳ್ಳೆಯ ಸಹಾಯಕನಾದೀತು. ಪಾಲಿಸದ ಮನೆಯಲ್ಲಿ ಅದು ಕರುವಿಗೆ ಸಲ್ಲಿಸಿದ ತಪ್ಪುಕಾಣಿಕೆ ಮಾತ್ರ.

ನಾವು ನೋಡಿದ ಕರುವು ವೈದ್ಯನ ಚಿಕಿತ್ಸೆಯಿಂದ ಉಳಿಯಿತು. ಹಸುವು ಮತ್ತೆ ಗಬ್ಬವಾಗಿದೆಯೆಂದು ಕೇಳಿದ್ದೇವೆ. ಮುಂದಿನ ಗಿಣ್ಣನ್ನು ಕರು ಕುಡಿದ ಮೇಲೆಯೇ ಹಂಚುವುದಾಗಿ ಆ ತಾಯಿಯವರು ನಮಗೆ ಮಾತು ಕೊಟ್ಟಿದ್ದಾರೆ.